ಹೂವಿಗಿಂತ ಮೊದಲು ಎಲೆ ನೋಡಿ: ಅಂಗಳದ ಹೂಗಿಡ ಗುರುತಿಸುವುದು ಹೇಗೆ?

ಎರಡು ವರ್ಷದ ಹಿಂದೆ, ಆಷಾಢ ಹುಟ್ಟುವ ಹೊತ್ತಿಗೆ ಸಿರುಗುಪ್ಪದಿಂದ ಅತ್ತಿಗೆ ಫೋನ್ ಮಾಡಿದ್ದರು. "ನಿಮ್ಮ ಹಿತ್ತಲದಾಗ ಗೋರಂಟಿ ಐತಲ್ಲವಾ, ಬರುವಾಗ ನಾಲ್ಕು ಟೊಂಗಿ ತಗೊಂಡು ಬಾ" ಅಂದರು. ಕೊಪ್ಪಳದ ನಮ್ಮ ಹಿತ್ತಲಲ್ಲಿ ಅವ್ವ ಹಚ್ಚಿದ ಗೋರಂಟಿ ಕಂಟಿ ಇದೆ. ಮಳೆಗಾಲ ಮುಗಿದ ಮೇಲೆ ನೇರಳೆ ಹೂ ಬಿಡುತ್ತದೆ. ಮಾಲೆ ಕಟ್ಟಿ ದೇವರಿಗೆ ಏರಿಸುತ್ತೇವೆ. ಅದರ ಟೊಂಗೆಗಳನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಂಗಾವತಿ ದಾಟಿ ಸಿರುಗುಪ್ಪದವರೆಗೆ ಬಸ್ಸಿನಲ್ಲಿ ಜೋಪಾನವಾಗಿ ಒಯ್ದೆ. ನೆಟ್ಟ ಹದಿನೈದು ದಿನಕ್ಕೆ ಚಿಗುರಿದವು.

ಮುಂದಿನ ಆಷಾಢಕ್ಕೆ ಮತ್ತೆ ಫೋನ್ ಬಂತು. "ಯಾಕವಾ, ನೀ ಕೊಟ್ಟ ಗೋರಂಟಿ ಅರೆದು ರಾತ್ರಿಯೆಲ್ಲ ಹಚ್ಚಿಕೊಂಡು ಮಲಗೀವಿ, ಹುಡುಗೀರ ಕೈ ಒಂಚೂರೂ ಕೆಂಪಾಗಿಲ್ಲ!"

ಆಗ ತಿಳಿಯಿತು. ಅತ್ತಿಗೆಯ ತವರಿನಲ್ಲಿ ತೆಲುಗು ಜಾಸ್ತಿ. ಅಲ್ಲಿ ಗೋರಂಟಿ ಅಂದರೆ ಮದರಂಗಿ, ಅಂದರೆ ಮೆಹಂದಿ. ಆಷಾಢದಲ್ಲಿ ಹೆಣ್ಣುಮಕ್ಕಳು ಅದನ್ನು ಕೈಗೆ ಹಚ್ಚಿಕೊಳ್ಳುವುದು ರೂಢಿ. ನಮ್ಮ ಮನೆಯಲ್ಲಿ ಗೋರಂಟಿ ಅಂದರೆ ಮಾಲೆಗೆ ಹಾಕುವ ಹೂ. ಅತ್ತಿಗೆ ಅಲ್ಲಿಯವರೆಗೆ ಅಂಗಡಿಯ ಪುಡಿ, ಕೋನ್ ಬಳಸಿದವರು, ಗಿಡವನ್ನು ಹತ್ತಿರದಿಂದ ನೋಡಿದವರಲ್ಲ. ನಾನು ಒಯ್ದಾಗ ಟೊಂಗೆಯಲ್ಲಿ ಒಂದು ಹೂವೂ ಇರಲಿಲ್ಲ. ಎಲೆ ಮಾತ್ರ ಇತ್ತು. ಇಬ್ಬರಲ್ಲಿ ಒಬ್ಬರಿಗೆ ಎಲೆ ಓದಲು ಬಂದಿದ್ದರೂ ಸಾಕಿತ್ತು. ಒಂದು ವರ್ಷ ಉಳಿಯುತ್ತಿತ್ತು, ಹುಡುಗಿಯರ ಮುಖವೂ ಬಾಡುತ್ತಿರಲಿಲ್ಲ.

ಅಂದಿನಿಂದ ನಾನು ಗಿಡದ ಹೆಸರು ಕೇಳುವ ಮೊದಲು ಎಲೆ ನೋಡುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳ ಮುಂದೆ ಸಾಮಾನ್ಯವಾಗಿ ಕಾಣುವ ಹೂಗಿಡಗಳನ್ನು ಇಟ್ಟುಕೊಂಡು, ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೂ ನಾಲ್ಕು ದಿನ ಇರುತ್ತದೆ. ನಮ್ಮ ಬಿಸಿಲಿಗೆ ಕೆಲವು ನಾಲ್ಕು ತಾಸೂ ಇರುವುದಿಲ್ಲ. ಎಲೆ ವರ್ಷದ ಬಹುಪಾಲು ಇರುತ್ತದೆ. ಹೂವಿನ ಬಣ್ಣ ನರ್ಸರಿಯವರ ಕೈಯಲ್ಲಿ ಹತ್ತು ಥರ ಆಗುತ್ತದೆ, ಎಲೆ ಕೂತಿರುವ ರೀತಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಮೊದಲು: ಯಾವಾಗ, ಯಾವ ಟೊಂಗೆ

ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಪಾರಿಜಾತ ರಾತ್ರಿ ಅರಳಿ ಬೆಳಗಿನ ಜಾವ ನೆಲಕ್ಕೆ ಉದುರಿರುತ್ತದೆ. ಎಂಟು ಗಂಟೆಗೆ ಹೋದರೆ ಗಿಡದಲ್ಲಿ ಹೂ ಸಿಗದು, ಗಿಡದ ಕೆಳಗೆ ಸಿಗುತ್ತದೆ. ರಾತ್ರಿರಾಣಿಯನ್ನು ಹಗಲು ನೋಡಿದರೆ ಹಸಿರು ಕಡ್ಡಿಗಳಂಥ ಮೊಗ್ಗು ಅಷ್ಟೇ, ಘಮ ಬರುವುದು ಕತ್ತಲಾದ ಮೇಲೆ.

ಟೊಂಗೆಯ ತುದಿಯ ಎಳೆ ಚಿಗುರನ್ನು ನೋಡಬೇಡಿ. ಅಲ್ಲಿ ಎಲೆಗಳು ಒತ್ತೊತ್ತಾಗಿ ಇರುತ್ತವೆ, ಎದುರುಬದುರು ಇವೆಯೋ ಒಂದಾದ ಮೇಲೊಂದು ಇವೆಯೋ ತಿಳಿಯದು. ಬುಡದಿಂದ ಎದ್ದ ಕೊಬ್ಬಿದ ಕಡ್ಡಿಯೂ ಬೇಡ, ಅದರ ಎಲೆ ಅಳತೆ ಮೀರಿ ದೊಡ್ಡದಿರುತ್ತದೆ. ಎದೆಯ ಮಟ್ಟದ ಒಂದು ಬಲಿತ ಟೊಂಗೆ ಹಿಡಿದು, ತುದಿಯಿಂದ ಒಂದು ಗೇಣು ಕೆಳಗೆ ಬನ್ನಿ. ಅಲ್ಲಿನ ಐದಾರು ಎಲೆ ನೋಡಿದರೆ ಸಾಕು.

ಇನ್ನೊಂದು ಮಾತು. ಎಲೆಯ ಬಣ್ಣವನ್ನು ನಮ್ಮ ಕಡೆ ಜಾಸ್ತಿ ನಂಬಬೇಡಿ. ರಾಯಚೂರು, ಸಿರುಗುಪ್ಪ ಕಡೆಯ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಬೋರ್ ನೀರೂ ಗಡುಸು. ಅಂಥಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸರಿಯಾಗಿ ಸಿಗದೆ, ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಹಳದಿ ಆಗುತ್ತದೆ. ಕರಾವಳಿಯಿಂದ ಬಂದ ಕೇಪಳ, ಅಂದರೆ ಇಕ್ಸೋರಾ ಗಿಡದಲ್ಲಿ ಇದು ತುಂಬಾ ಕಾಣುತ್ತದೆ. ಅದು ಬೇರೆ ಜಾತಿಯ ಗಿಡ ಅಲ್ಲ, ಹಸಿದ ಗಿಡ.

ಎರಡನೆಯದು: ಎಲೆ ದಂಟಿನ ಮೇಲೆ ಹೇಗೆ ಕೂತಿದೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ದಂಟಿನ ಒಂದು ಗಿಣ್ಣನ್ನು ಬೆರಳಲ್ಲಿ ಹಿಡಿಯಿರಿ. ಅಲ್ಲಿಂದ ಎಷ್ಟು ಎಲೆ ಹೊರಟಿವೆ, ಎಣಿಸಿ.

ಒಂದೇ ಎಲೆ, ಅದರ ಮೇಲಿನ ಗಿಣ್ಣಲ್ಲಿ ಇನ್ನೊಂದು ಬದಿಗೆ ಇನ್ನೊಂದು ಎಲೆ ಇದ್ದರೆ ಅದು ದಾಸವಾಳ, ಬೋಗನ್‌ವಿಲ್ಲಾ, ಗುಲಾಬಿ, ರಾತ್ರಿರಾಣಿ, ಹಳದಿ ಕಣಗಿಲೆಗಳ ಗುಂಪು. ಒಂದು ಗಿಣ್ಣಿಗೆ ಎರಡು ಎಲೆ ಎದುರುಬದುರಾಗಿ ಇದ್ದರೆ ನಂದಿಬಟ್ಟಲು, ಮಲ್ಲಿಗೆ, ಪಾರಿಜಾತ, ಇಕ್ಸೋರಾ, ಲಂಟಾನ, ಮದರಂಗಿ, ಗೋರಂಟಿ, ಟೆಕೋಮಾ. ಒಂದೇ ಗಿಣ್ಣಿನ ಸುತ್ತ ಮೂರು, ಕೆಲವೊಮ್ಮೆ ನಾಲ್ಕು ಎಲೆ ಇದ್ದರೆ ಕಣಗಿಲೆ, ಅಲಮಂಡಾ, ಹಮೇಲಿಯಾ.

ಈ ಒಂದು ಎಣಿಕೆಯಿಂದಲೇ ಅಂಗಳದ ಗಿಡಗಳು ಮೂರು ಗುಂಪಾಗಿ ಒಡೆಯುತ್ತವೆ. ಹೂ ಬೇಕಿಲ್ಲ, ಹಣ್ಣು ಬೇಕಿಲ್ಲ, ಪುಸ್ತಕವೂ ಬೇಕಿಲ್ಲ.

ಮೂರನೆಯದು: ಇದು ಒಂದು ಎಲೆಯೋ, ಎಲೆಯ ತುಂಡೋ

ಇಲ್ಲಿ ಬಹಳ ಜನ ಎಡವುತ್ತಾರೆ. ಕರಿಬೇವಿನ ಕಡ್ಡಿ ನೆನಪಿಸಿಕೊಳ್ಳಿ. ಒಗ್ಗರಣೆಗೆ ನಾವು ಬಿಡಿಸಿ ಹಾಕುವ ಚಿಕ್ಕ ಚಿಕ್ಕ "ಎಲೆ"ಗಳು ನಿಜವಾಗಿ ಎಲೆಗಳಲ್ಲ. ಇಡೀ ಕಡ್ಡಿಯೇ ಒಂದು ಎಲೆ. ಬಿಡಿಸಿ ಹಾಕಿದ್ದು ಅದರ ಎಸಳುಗಳು.

ಗೊತ್ತಾಗುವುದು ಹೇಗೆ? ಎಲೆ ದಂಟಿಗೆ ಸೇರುವ ಮೂಲೆಯಲ್ಲಿ, ಎಲೆಯ ಕಂಕುಳಲ್ಲಿ ಅನ್ನಿ, ಒಂದು ಪುಟ್ಟ ಮೊಗ್ಗು ಇರುತ್ತದೆ. ಮುಂದಿನ ಟೊಂಗೆ ಹೊರಡುವುದು ಅಲ್ಲಿಂದ. ಎಸಳಿನ ಕಂಕುಳಲ್ಲಿ ಅಂಥ ಮೊಗ್ಗು ಇರುವುದಿಲ್ಲ. ಉಗುರಿನ ತುದಿಯಿಂದ ಮೆಲ್ಲಗೆ ತಡವಿದರೆ ಸಿಗುತ್ತದೆ. ಮೊಗ್ಗು ಎಲ್ಲಿ ಸಿಕ್ಕಿತೋ ಅಲ್ಲಿಂದ ತುದಿಯವರೆಗಿನದು ಒಂದು ಎಲೆ.

ಹಾಗೆ ನೋಡಿದಾಗ ಟೆಕೋಮಾ, ಜಾಜಿ, ತಂಗಡಿ, ಕಾಮಿನಿ ಇವೆಲ್ಲ ಎಸಳು ಒಡೆದ ಎಲೆಯವು. ರತ್ನಗಂಧಿಯ ಎಲೆ ಎರಡು ಸಲ ಒಡೆದದ್ದು. ನಡುವಿನ ಕಡ್ಡಿಯಿಂದ ಚಿಕ್ಕ ಕಡ್ಡಿಗಳು, ಆ ಚಿಕ್ಕ ಕಡ್ಡಿಗಳ ಮೇಲೆ ಎಸಳು. ಗುಲ್‌ಮೊಹರ್ ಎಲೆ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ.

ನಾಲ್ಕನೆಯದು: ಮುಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡಿ

ಕಣ್ಣಿಗಿಂತ ಬೆರಳು ಬೇಗ ಹೇಳುತ್ತದೆ. ಪಾರಿಜಾತದ ಎಲೆಯ ಮೇಲೆ ಹೆಬ್ಬೆರಳು ಆಡಿಸಿ. ಮರಳುಕಾಗದದ ಥರ ಒರಟು. ಅದರ ಎಳೆ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿದರೆ ದುಂಡಗಿಲ್ಲ, ನಾಲ್ಕು ಮೂಲೆ ತಾಗುತ್ತದೆ. ಲಂಟಾನದ ಎಲೆಯೂ ಒರಟು, ದಂಟೂ ನಾಲ್ಕು ಮೂಲೆಯದು. ಆದರೆ ಅದನ್ನು ಹೊಸಕಿದರೆ ಮೂಗಿಗೆ ಬಡಿಯುವ ಘಾಟು ವಾಸನೆ ಬರುತ್ತದೆ. ಪಾರಿಜಾತದಲ್ಲಿ ಆ ಘಾಟು ಇಲ್ಲ.

ದಾಸವಾಳದ ಎಲೆ ನುಣುಪು, ಹೊಳಪು, ಅಂಚಿನಲ್ಲಿ ಗರಗಸದ ಹಲ್ಲು. ನೀರು ಹಾಕಿ ಹಿಸುಕಿದರೆ ಲೋಳೆ ಬರುತ್ತದೆ. ತಲೆಗೆ ಹಚ್ಚಲು ಅವ್ವ ಹಿಸುಕುತ್ತಿದ್ದುದು ಅದನ್ನೇ. ನಮ್ಮ ಕಡೆ ಬಾಯಲ್ಲಿ ಅದು "ದಾಸಾಳ" ಆಗುತ್ತದೆ, ಗಿಡ ಅದೇ.

ಕಾಮಿನಿಯ ಎಸಳನ್ನು ಸೂರ್ಯನಿಗೆ ಎದುರು ಹಿಡಿಯಿರಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ನಿಂಬೆ ಎಲೆಯಲ್ಲೂ ಹೀಗೇ ಇರುತ್ತವೆ, ಎರಡೂ ಒಂದೇ ಕುಟುಂಬ. ಹೊಸಕಿ ಮೂಸಿದರೆ ನಿಂಬೆಯ ನೆನಪಾಗುತ್ತದೆ. ಬಿಳಿ ಹೂ, ಘಮ ಎರಡೂ ಇರುವುದರಿಂದ ಇದನ್ನು ಮಲ್ಲಿಗೆ ಜಾತಿ ಅಂದುಕೊಂಡವರು ತುಂಬಾ ಜನ. ಎಲೆ ಬೆಳಕಿಗೆ ಹಿಡಿದ ಮೇಲೆ ಆ ಮಾತು ನಿಲ್ಲುವುದಿಲ್ಲ.

ಐದನೆಯದು: ಹಾಲು ಬರುತ್ತದೋ ಇಲ್ಲವೋ

ಒಂದು ಎಲೆಯನ್ನು ತೊಟ್ಟಿನ ಹತ್ತಿರ ಮುರಿಯಿರಿ. ಬಿಳಿ ಹಾಲು ಜಿನುಗಿತೋ, ಬರೀ ನೀರಿನಂಥ ಅಂಟು ಬಂತೋ, ಏನೂ ಇಲ್ಲವೋ ನೋಡಿ. ಈ ಹೆಜ್ಜೆ ಮಾಡುವಾಗ ಮಕ್ಕಳು ಹತ್ತಿರ ಬೇಡ. ಹಾಲು ಕಣ್ಣಿಗೆ, ಬಾಯಿಗೆ ತಾಗಬಾರದು. ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ. ಕೈಯಲ್ಲಿ ಗಾಯ ಇದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮುರಿಯಿರಿ.

ಹಾಲು ಬರುವವು ನಂದಿಬಟ್ಟಲು, ಹಳದಿ ಕಣಗಿಲೆ, ಅಲಮಂಡಾ, ದೇವಕಣಗಿಲೆ, ಎಕ್ಕ. ಬಾರದವು ಮಲ್ಲಿಗೆ, ದಾಸವಾಳ, ಟೆಕೋಮಾ, ಪಾರಿಜಾತ, ಮದರಂಗಿ, ಗೋರಂಟಿ. ನಂದಿಬಟ್ಟಲನ್ನೂ ದುಂಡುಮಲ್ಲಿಗೆಯನ್ನೂ ಹೂ ಇಲ್ಲದಾಗ ಬೇರೆ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಎರಡರದ್ದೂ ಎದುರುಬದುರು ಎಲೆ, ಎರಡೂ ನುಣುಪು, ಎರಡರ ಹೂವೂ ಬಿಳಿ. ಮುರಿದರೆ ಒಂದರಲ್ಲಿ ಹಾಲು, ಇನ್ನೊಂದರಲ್ಲಿ ಇಲ್ಲ. ನಂದಿಬಟ್ಟಲಿಗೆ ಇನ್ನೊಂದು ಗುರುತು, ದಂಟು ಹೋಗ್ತಾ ಹೋಗ್ತಾ ಕವಲಾಗಿ ಎರಡಾಗಿ ಒಡೆಯುತ್ತದೆ, ಹೂ ಬರುವುದು ಆ ಕವಲಿನಲ್ಲೇ.

ಆರನೆಯದು: ಈಗ ಹೂವಿಗೆ ಬನ್ನಿ

ಬಣ್ಣ ಕೊನೆಗೆ ನೋಡಿ. ಮೊದಲು ದಳ ಎಣಿಸಿ. ದಳಗಳು ಬಿಡಿಬಿಡಿಯಾಗಿ ಉದುರುತ್ತವೆಯೋ, ಕೆಳಗೆ ಕೂಡಿ ಕೊಳವೆ ಆಗಿವೆಯೋ ನೋಡಿ. ಆಮೇಲೆ ಹೂವಿನ ನಡುವೆ ಏನಿದೆ ನೋಡಿ.

ಒಂಟಿ ದಾಸವಾಳ ಕಲಿಯಲು ಒಳ್ಳೆಯ ಹೂ. ದಳ ಐದು. ನಡುವೆ ಉದ್ದಕ್ಕೆ ಹೊರಗೆ ಚಾಚಿದ ಒಂದು ಕಂಬ. ಆ ಕಂಬದ ಸುತ್ತ ಹಳದಿ ಪರಾಗದ ಚಿಕ್ಕ ಗುಂಡುಗಳು, ತುದಿಯಲ್ಲಿ ಕೆಂಪು ವೆಲ್ವೆಟ್ ಚುಕ್ಕಿಯಂಥ ಐದು ತಲೆಗಳು. ದಾಸವಾಳದ ಹಾಗೇ ಎಲೆ ಇದ್ದು, ಹೂ ಕೆಂಪು ಮೆಣಸಿನಕಾಯಿಯ ಥರ ಸುರುಳಿ ಸುತ್ತಿಕೊಂಡೇ ಉಳಿದು ಯಾವತ್ತೂ ಅರಳದಿದ್ದರೆ, ಗಿಡಕ್ಕೆ ರೋಗ ಬಂದಿಲ್ಲ. ಅದು ಮಾಲ್ವವಿಸ್ಕಸ್ ಅನ್ನುವ ಬೇರೆ ಗಿಡ, ದಾಸವಾಳದ ದಾಯಾದಿ. ಅದರ ಹೂ ಇರುವುದೇ ಹಾಗೆ.

ಇಕ್ಸೋರಾ ಹೂವಿಗೆ ದಳ ನಾಲ್ಕು. ಮೇಲುನೋಟಕ್ಕೆ ಹಮೇಲಿಯಾ ಕೂಡ ಕೆಂಪು-ಕಿತ್ತಳೆ ಗೊಂಚಲೇ. ಆದರೆ ಅದರ ಹೂ ತೆಳ್ಳನೆಯ ಕೊಳವೆ, ಬಾಯಿ ಸರಿಯಾಗಿ ಬಿಚ್ಚುವುದಿಲ್ಲ, ಎಲೆ ಮೂರು ಮೂರು. ಲಂಟಾನದ ಗೊಂಚಲಿನಲ್ಲಿ ಒಂದೇ ಹೊತ್ತಿಗೆ ಎರಡು ಬಣ್ಣ ಇರುತ್ತದೆ. ನಡುವಿನ ಹೊಸ ಹೂ ಹಳದಿ, ಹಳೆಯದಾಗಿ ಅಂಚಿಗೆ ಸರಿದದ್ದು ಗುಲಾಬಿ ಅಥವಾ ಕೆಂಪು. ಅಬ್ಬಲಿಗೆ, ಕೆಳಗಿನ ಜಿಲ್ಲೆಯವರು ಕನಕಾಂಬರ ಅನ್ನುವುದು, ಹಸಿರು ತೆನೆಯ ಒಳಗಿಂದ ಬೀಸಣಿಗೆಯ ಹಾಗೆ ಒಂದೇ ಬದಿಗೆ ಬಿಚ್ಚಿಕೊಳ್ಳುತ್ತದೆ. ಒಣಗಿದ ಅದರ ಕಾಯನ್ನು ನೀರಿಗೆ ಹಾಕಿ ನೋಡಿ, ಟಪ್ ಅಂತ ಸಿಡಿದು ಬೀಜ ಹಾರುತ್ತದೆ. ಮಕ್ಕಳಿಗೆ ತೋರಿಸಬೇಕಾದ್ದು ಅದು.

ಬೋಗನ್‌ವಿಲ್ಲಾ ಮುಂದೆ ಒಂದು ನಿಮಿಷ ಜಾಸ್ತಿ ನಿಲ್ಲಿ. ನಾವು ಕಾಗದದ ಹೂ ಅನ್ನುವ ಬಣ್ಣದ ಹಾಳೆಗಳು ದಳಗಳೇ ಅಲ್ಲ, ಬಣ್ಣ ಬಂದ ಎಲೆಗಳು. ಒಂದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಳ್ಳಿ. ಎಲೆಯಲ್ಲಿ ಇರುವ ಹಾಗೇ ನರಗಳ ಜಾಲ ಕಾಣುತ್ತದೆ. ನಡುನರಕ್ಕೆ ಅಂಟಿಕೊಂಡು ಒಂದು ಸಪೂರ ಕೊಳವೆ, ಅದರ ತುದಿಯಲ್ಲಿ ಕೆನೆಬಿಳಿಯ ಪುಟ್ಟ ನಕ್ಷತ್ರ. ಹೂ ಅಂದರೆ ಅದು. ಮೂರು ಹಾಳೆಗೆ ಮೂರು ಹೂ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲೂ ನಮ್ಮ ಗೇಟುಗಳ ಮೇಲೆ ಬಣ್ಣ ಉಳಿಯುವುದು ಈ ಹಾಳೆಗಳಿಂದ. ಒಳಗಿನ ಹೂ ಬಾಡಿದರೂ ಹಾಳೆ ಬೇಗ ಬಾಡುವುದಿಲ್ಲ.

ಹಳದಿ ಹೂವಿನ ಗೊಂದಲ

ನಮ್ಮ ಓಣಿಯಲ್ಲಿ ನಾಲ್ಕು ಮನೆಯ ಮುಂದೆ ಹಳದಿ ಹೂವಿನ ಕಂಟಿ ಇದೆ. ನಾಲ್ಕಕ್ಕೂ ಜನ ಹೇಳುವುದು "ಹಳದಿ ಹೂವಿನ ಗಿಡ" ಅಂತಲೇ. ಅವು ನಾಲ್ಕು ಬೇರೆ ಗಿಡ. ಅದರಲ್ಲಿ ಒಂದು ಪ್ರಾಣ ತೆಗೆಯುವಷ್ಟು ವಿಷದ್ದು. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲ ಮನೆಯದು ಟೆಕೋಮಾ. ಗಿಣ್ಣಿಗೆ ಎರಡು ಎಲೆ. ಒಂದೊಂದು ಎಲೆಯೂ ಐದೋ ಏಳೋ ಎಸಳಾಗಿ ಒಡೆದದ್ದು, ಎಸಳಿನ ಅಂಚು ಗರಗಸ. ಮುರಿದರೆ ಹಾಲಿಲ್ಲ. ಹೂ ತುತ್ತೂರಿಯ ಹಾಗೆ, ಗೊಂಚಲು ಗೊಂಚಲಾಗಿ. ಕಾಯಿ ಸಪೂರ, ಒಂದು ಗೇಣು ಉದ್ದ, ಒಣಗಿ ಬಿರಿದರೆ ರೆಕ್ಕೆ ಇರುವ ತೆಳು ಬೀಜ ಗಾಳಿಗೆ ಹಾರುತ್ತವೆ.

ಎರಡನೆಯದು ತಂಗಡಿ. ಇದು ಅಂಗಡಿಯಿಂದ ತಂದದ್ದಲ್ಲ, ನಮ್ಮ ಕೆಮ್ಮಣ್ಣಿನ ಮಟ್ಟಿಯಲ್ಲಿ ತಾನೇ ಹುಟ್ಟುವ ಗಿಡ. ಬೇರೆ ಕಡೆ ಆವರಿಕೆ ಅನ್ನುತ್ತಾರೆ. ರಾಯಚೂರಿನ ಗಡಿ ದಾಟಿದರೆ ಇದೇ ತಂಗೇಡು, ತೆಲಂಗಾಣದ ರಾಜ್ಯ ಹೂವು. ಅಲ್ಲಿ ಬತುಕಮ್ಮ ಹಬ್ಬದಲ್ಲಿ ಹೂಗಳನ್ನು ಗೋಪುರದ ಹಾಗೆ ಜೋಡಿಸುವಾಗ ಇದು ಬೇಕೇ ಬೇಕು. ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಇದರ ಎಲೆ ಗಿಣ್ಣಿಗೆ ಒಂದೇ. ಎಸಳುಗಳು ಜೋಡಿ ಜೋಡಿ, ಎಂಟರಿಂದ ಹನ್ನೆರಡು ಜೋಡಿ, ತುದಿಯಲ್ಲಿ ಒಂಟಿ ಎಸಳು ಇರುವುದಿಲ್ಲ. ಮರೆಯಲಾಗದ ಗುರುತು ಎಲೆಯ ಬುಡದಲ್ಲಿದೆ. ಅಲ್ಲಿ ದಂಟಿಗೆ ತಾಗಿ ಕಿವಿಯ ಆಕಾರದ ಹಸಿರು ತುಣುಕು ಎರಡೂ ಕಡೆ ನಿಂತಿರುತ್ತದೆ. ಇದರ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲಾಟಾ. ಆರಿಕ್ಯುಲಾಟಾ ಅಂದರೆ ಕಿವಿ ಇರುವುದು. ಒಮ್ಮೆ ಆ ಕಿವಿ ಕಂಡಿತೆಂದರೆ ಬಸ್ಸಿನ ಕಿಟಕಿಯಿಂದಲೂ ಗಿಡ ಗುರುತು ಹತ್ತುತ್ತದೆ.

ಮೂರನೆಯದು ಅಲಮಂಡಾ. ಗಿಣ್ಣಿಗೆ ಮೂರು ನಾಲ್ಕು ಅಗಲ ಎಲೆ, ಮುರಿದರೆ ಹಾಲು, ದೊಡ್ಡ ಹಳದಿ ಹೂ, ಕಾಯಿಯ ಮೇಲೆ ಮುಳ್ಳು ಮುಳ್ಳು. ಅರ್ಧ ಕಂಟಿ, ಅರ್ಧ ಬಳ್ಳಿ.

ನಾಲ್ಕನೆಯದು ಹಳದಿ ಕಣಗಿಲೆ. ಎಲೆ ತುಂಬಾ ಸಪೂರ, ಕಿರುಬೆರಳಿಗಿಂತ ಅಗಲ ಇಲ್ಲ, ಒಂದು ಗೇಣಿನ ಹತ್ತಿರ ಉದ್ದ, ಹೊಳಪು. ಅಂಚಿನಲ್ಲಿ ಹಲ್ಲಿಲ್ಲ, ಎಸಳಾಗಿ ಒಡೆದಿಲ್ಲ. ಗಿಣ್ಣಿಗೆ ಒಂದೇ ಎಲೆ, ದಂಟಿನ ಸುತ್ತ ಸುರುಳಿಯಾಗಿ ಏರುತ್ತದೆ. ಮುರಿದರೆ ಧಾರಾಳ ಹಾಲು. ಹೂ ಗಂಟೆಯ ಹಾಗೆ, ದಳ ಒಂದರ ಮೇಲೊಂದು ತಿರುಚಿಕೊಂಡಿರುತ್ತದೆ. ಕಾಯಿ ಹಸಿರು, ಮೂಲೆ ಮೂಲೆಯಾಗಿ ತ್ರಿಕೋನದಂತಿದ್ದು, ಹಣ್ಣಾದರೆ ಕಪ್ಪು. ಒಳಗೆ ಗಟ್ಟಿ ಓಟೆ. ಮಕ್ಕಳು ಅದನ್ನು ಆಟಕ್ಕೆ ಆರಿಸಿಕೊಳ್ಳುತ್ತಾರೆ. ಅದರ ಬೀಜ ತಿಂದರೆ ಹೃದಯದ ಬಡಿತವೇ ತಪ್ಪುತ್ತದೆ.

ಕೆಂಪು, ಗುಲಾಬಿ, ಬಿಳಿ ಹೂ ಬಿಡುವ ಸಾಮಾನ್ಯ ಕಣಗಿಲೆಯೂ ಅಷ್ಟೇ ವಿಷ. ಎಲೆ, ತೊಗಟೆ, ಬೇರು, ಹೂ ಎಲ್ಲವೂ. ಅದರ ಎಲೆ ಗಿಣ್ಣಿಗೆ ಮೂರು, ದಪ್ಪ, ಚರ್ಮದಂಥದು. ನಡುನರ ಬೆಳ್ಳಗೆ ಎದ್ದು ಕಾಣುತ್ತದೆ. ಅದರಿಂದ ಎರಡೂ ಕಡೆಗೆ ಬಾಚಣಿಗೆಯ ಹಲ್ಲಿನಷ್ಟು ಒತ್ತಾಗಿ ನರಗಳು ಹೊರಟಿರುತ್ತವೆ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ, ಗುಡಿಯ ಅಂಗಳದಲ್ಲಿ ಇದನ್ನು ಬೆಳೆಸುವುದು ನೀರಿಲ್ಲದೆಯೂ ಬದುಕುತ್ತದೆ, ದನ ಬಾಯಿ ಹಾಕುವುದಿಲ್ಲ ಅಂತ. ಆದರೆ ಕಡಿದು ಬಿಸಾಕಿದ ಒಣ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಮೇವಿನ ಜೊತೆ ಸೇರಿದರೆ ಆಡು, ಎಮ್ಮೆಗೆ ಗೊತ್ತಾಗದು. ಕಡ್ಡಿಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ಒಳ್ಳೆಯದಲ್ಲ. ದೇವರಿಗೆ ಏರಿಸಿ, ಅಡ್ಡಿಯಿಲ್ಲ. ಕೈ ತೊಳೆದ ಮೇಲೆ ಪ್ರಸಾದ ಮುಟ್ಟಿ.

ಯಾರಾದರೂ ಈ ಎರಡರಲ್ಲಿ ಯಾವುದನ್ನಾದರೂ ತಿಂದಿದ್ದು ಗೊತ್ತಾದರೆ ವಾಂತಿ ಮಾಡಿಸುವುದು, ಉಪ್ಪುನೀರು ಕುಡಿಸುವುದು ಬೇಡ. ವಾಂತಿ ಆಗಲಿ ನೋಡೋಣ ಅಂತ ಕಾಯುವುದೂ ಬೇಡ. 108ಕ್ಕೆ ಫೋನ್ ಮಾಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ತಿಂದ ಗಿಡದ ಒಂದು ಟೊಂಗೆಯನ್ನು ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದರಿಂದ ತುಂಬಾ ಸಹಾಯ ಆಗುತ್ತದೆ.

ಬಿಳಿ ಹೂಗಳ ಬಗ್ಗೆ ಚಿಕ್ಕದಾಗಿ

ಬಿಳಿ ಕಣಗಿಲೆಯನ್ನು ಬಿಟ್ಟರೆ ಇಲ್ಲಿನ ಬಿಳಿ ಹೂಗಳಲ್ಲಿ ಅಷ್ಟು ಅಪಾಯ ಇಲ್ಲ, ಗೊಂದಲ ಮಾತ್ರ. ದುಂಡುಮಲ್ಲಿಗೆಯ ಎಲೆ ಒಡೆಯದ ಎಲೆ, ಎದುರುಬದುರು. ಜಾಜಿಯ ಎಲೆ ಎಸಳಾಗಿ ಒಡೆದದ್ದು, ಮೊಗ್ಗಿನ ಹೊರಗೆ ಗುಲಾಬಿ ಛಾಯೆ. ಕಾಕಡದ ಎಲೆ, ಎಳೆ ದಂಟು ಮುಟ್ಟಿದರೆ ಮೃದುವಾದ ರೋಮ ಸಿಗುತ್ತದೆ. ಪಾರಿಜಾತದ ಹೂವಿನ ತೊಟ್ಟು ಕಿತ್ತಳೆ ಬಣ್ಣ, ಅದಕ್ಕಿಂತ ಬೇರೆ ಗುರುತು ಬೇಕಿಲ್ಲ. ನಂದಿಬಟ್ಟಲಿನ ಒಂಟಿ ಹೂ ಗಿರಗಿಟ್ಟಲೆಯ ಹಾಗೆ, ಐದು ದಳವೂ ಒಂದೇ ಕಡೆಗೆ ತಿರುಗಿರುತ್ತವೆ.

ಏಳನೆಯದು: ಫೋಟೊ, ಒಣ ಎಲೆ, ಹೆಸರು

ಮೊಬೈಲ್ ಆ್ಯಪ್ ಬಳಸುವವರು ಬಳಸಿ. ಆದರೆ ಬರೀ ಹೂವಿನ ಒಂದು ಫೋಟೊ ಹಾಕಿದರೆ ಅದು ನಮ್ಮಷ್ಟೇ ತಪ್ಪುತ್ತದೆ. ಐದು ಬಗೆಯ ಫೋಟೊ ತೆಗೆಯಿರಿ. ಇಡೀ ಗಿಡ, ಗಿಣ್ಣು ಕಾಣುವ ಹಾಗೆ ದಂಟು, ಎಲೆಯ ಮುಂದೆ-ಹಿಂದೆ, ಹೂವನ್ನು ಎದುರಿನಿಂದ ಮತ್ತು ಪಕ್ಕದಿಂದ, ಕಾಯಿ ಇದ್ದರೆ ಕಾಯಿ. ಪಕ್ಕಕ್ಕೆ ಒಂದು ಬೆಂಕಿಪೊಟ್ಟಣ ಇಟ್ಟರೆ ಅಳತೆ ತಿಳಿಯುತ್ತದೆ. ಆ್ಯಪ್ ಹೇಳಿತು ಅಂತ ಯಾವ ಎಲೆಯನ್ನೂ ಬಾಯಿಗೆ ಹಾಕಬೇಡಿ, ಕಷಾಯ ಮಾಡಬೇಡಿ.

ಹೂ ಇರುವ ಒಂದು ಚಿಕ್ಕ ಟೊಂಗೆಯನ್ನು ಹಳೆ ನ್ಯೂಸ್‌ಪೇಪರ್ ನಡುವೆ ಹರಡಿ, ಒಂದು ಎಲೆಯನ್ನು ಮಗುಚಿ ಬೆನ್ನು ಮೇಲೆ ಮಾಡಿ, ಮೇಲೆ ಭಾರ ಹೇರಿ. ದಿನಕ್ಕೊಮ್ಮೆ ಪೇಪರ್ ಬದಲಿಸಿ. ನಮ್ಮ ಒಣ ಹವೆಗೆ ವಾರದೊಳಗೆ ಗರಿಗರಿ ಆಗುತ್ತದೆ. ಪಕ್ಕದಲ್ಲಿ ತಾರೀಕು, ಊರು, ಹೂವಿನ ಹಸಿ ಬಣ್ಣ, ಹಾಲು ಬಂತೋ ಇಲ್ಲವೋ, ಮನೆಯವರು ಏನು ಹೆಸರು ಹೇಳಿದರು ಎಲ್ಲ ಬರೆದಿಡಿ. ಒಣಗಿದ ಮೇಲೆ ಬಣ್ಣವೂ ಹಾಲೂ ಉಳಿಯುವುದಿಲ್ಲ. ಇಷ್ಟು ಇಟ್ಟುಕೊಂಡು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನೋ, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೋ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವನ್ನೋ ಕೇಳಬಹುದು.

ಶಾಸ್ತ್ರೀಯ ಹೆಸರನ್ನೂ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. ಬಾಯಿಗೆ ಕಷ್ಟ ನಿಜ, ಆದರೆ ಊರು ದಾಟಿದರೂ ಬದಲಾಗುವುದಿಲ್ಲ. ನಾನು ಒಯ್ದದ್ದು ಬಾರ್ಲೇರಿಯಾ ಕ್ರಿಸ್ಟಾಟಾ, ಅತ್ತಿಗೆ ಕೇಳಿದ್ದು ಲಾಸೋನಿಯಾ ಇನರ್ಮಿಸ್. ಎರಡಕ್ಕೂ ಆ ಹೆಸರು ಕೊಟ್ಟವರು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಇನರ್ಮಿಸ್ ಅಂದರೆ ಲ್ಯಾಟಿನ್‌ನಲ್ಲಿ ಮುಳ್ಳಿಲ್ಲದ್ದು. ಆದರೆ ಹಳೆ ಮದರಂಗಿ ಬೇಲಿಯಲ್ಲಿ ಕೈ ಹಾಕಿದವರಿಗೆ ಗೊತ್ತು, ಬಲಿತ ಕಡ್ಡಿಯ ತುದಿ ಮುಳ್ಳಾಗಿ ಚುಚ್ಚುತ್ತದೆ. ಹಾಗಾಗಿ ಹೆಸರನ್ನೂ ಎಲೆಯ ಪಕ್ಕ ಇಟ್ಟೇ ನೋಡಬೇಕು.

ಮದರಂಗಿಯೋ ಗೋರಂಟಿಯೋ

ಈ ಎರಡು ಗಿಡದಲ್ಲಿ ಎರಡನೆಯ ಹೆಜ್ಜೆ ಕೈಕೊಡುತ್ತದೆ, ಎರಡರದ್ದೂ ಎದುರುಬದುರು ಎಲೆ. ಐದನೆಯದೂ ಕೈಕೊಡುತ್ತದೆ, ಎರಡರಲ್ಲೂ ಹಾಲಿಲ್ಲ. ಇಲ್ಲಿ ಬೆರಳನ್ನು ನಂಬಿ. ಗೋರಂಟಿಯ ಎಲೆ ಹೆಬ್ಬೆರಳಿಗಿಂತ ಉದ್ದ, ಮುಟ್ಟಿದರೆ ಸಣ್ಣ ರೋಮ ತಾಗುತ್ತದೆ, ನರಗಳು ಎದ್ದು ಕಾಣುತ್ತವೆ. ಮದರಂಗಿಯ ಎಲೆ ಚಿಕ್ಕದು, ನುಣುಪು, ಎರಡೂ ತುದಿ ಚೂಪು, ತೊಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಹೂ ಬಂದರೆ ಗೋರಂಟಿಯದು ನೇರಳೆ ಅಥವಾ ಬಿಳಿಯ ಕೊಳವೆ ಹೂ, ಮದರಂಗಿಯದು ಸಾಸಿವೆ ಚೆಲ್ಲಿದ ಹಾಗೆ ಕೆನೆಬಿಳಿಯ ಪುಟ್ಟ ಹೂಗಳ ತುರಾಯಿ, ಘಮ ಓಣಿಯ ತುದಿಗೂ ಬರುತ್ತದೆ. ಕಾಯಿ ಕೊತ್ತಂಬರಿ ಬೀಜದ ಹಾಗೆ ದುಂಡಗೆ. ಅರಿಶಿನ ಬಣ್ಣದ ಹೂವಿನ ಮುಳ್ಳು ಗೋರಂಟಿ ಅಂತ ಇನ್ನೊಂದಿದೆ, ಅದರ ಎಲೆಯ ಕಂಕುಳಲ್ಲೇ ಸೂಜಿಮುಳ್ಳು ಇರುತ್ತದೆ.

ಕೊನೆಯ ಪರೀಕ್ಷೆ ಅಂಗೈಯಲ್ಲಿ. ಕಳೆದ ಜೇಷ್ಠದಲ್ಲಿ ನಮ್ಮ ಓಣಿಯ ಹಿಂದಿನ ಬೇಲಿಯಿಂದ ಎಂಟು ಹತ್ತು ಎಲೆ ಕಿತ್ತು, ಎರಡು ಹನಿ ನಿಂಬೆರಸ ಹಾಕಿ ಕಲ್ಲಲ್ಲಿ ನುಣ್ಣಗೆ ಅರೆದೆ. ಅಂಗೈ ನಡುವೆ ಒಂದು ರೂಪಾಯಿ ಅಗಲಕ್ಕೆ ಮೆತ್ತಿ ಒಂದು ತಾಸು ಬಿಟ್ಟೆ. ತೊಳೆದಾಗ ಕಿತ್ತಳೆ ಚುಕ್ಕೆ ಉಳಿದಿತ್ತು, ಮರುದಿನ ಬೆಳಿಗ್ಗೆಗೆ ಅದು ಕೆಂಪಾಯಿತು. ಎಲೆಯಲ್ಲಿರುವ ಲಾಸೋನ್ ಅನ್ನುವ ಬಣ್ಣ ಚರ್ಮಕ್ಕೆ ಹಿಡಿಯುವುದು ಹಾಗೆ, ನಿಧಾನಕ್ಕೆ ಗಾಢವಾಗುತ್ತದೆ. ಕೈಯ ಫೋಟೊ ತೆಗೆದು ಮೊದಲು ಅತ್ತಿಗೆಗೆ ಕಳಿಸಿದೆ. ಟೊಂಗೆ ಕಡಿದದ್ದು ಆಮೇಲೆ.